ನೂರಾ ಎಂಬತ್ತೇಳನೆಯ ಸಾಲು

ಆ ನಾಲ್ಕು ಮಾತನ್ನು ಎರಡನೇ ಸಲ ಓದುವಾಗ ಮೇಸ್ತ್ರಿಯ ಕೈಯಲ್ಲಿದ್ದ ಚಹಾ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಮೊದಲ ಸಲ ಓದಿದಾಗ ಖುಷಿಯಾಗಿತ್ತು. ಅಂತರ್ಜಾಲದಲ್ಲಿ ಅವರ ಹೊಸ ತಾಣ ಶುರುವಾಗಿ ಮೂರೇ ದಿನ, ಆಗಲೇ ಒಬ್ಬ ಕೆಲಸ ಮುಗಿಸಿ ಬಂದು ಬರೆದಿದ್ದಾನಲ್ಲ ಎಂದು ಒಬ್ಬರೇ ನಕ್ಕಿದ್ದರು. ಈಗ ನಗು ಎಲ್ಲಿಗೋ ಹೋಗಿತ್ತು.

ಬರೆದವನ ಅಡ್ಡಹೆಸರು ಗ್ರೀಸ್ ಡಬ್ಬಿ. "ನಿಮ್ಮ ಪಟ್ಟಿಯ ನೂರಾ ಎಂಬತ್ತೇಳನೇ ನಂಬರಿನ ಲಿಫ್ಟು. ನೀವು ಕೊಟ್ಟ ಅಳತೆಗೇ ಬ್ರೇಕ್ ಸ್ಪ್ರಿಂಗ್ ಬಿಗಿ ಮಾಡಿದೆ. ಈಗ ಬೆಣ್ಣೆ ಥರ ನಿಲ್ತಿದೆ. ಮೇಸ್ತ್ರಿ ಅಂಕಿ ಇರೋವಾಗ ತೂಕ ಹೇರಿ ನೋಡೋದು ಯಾಕೆ ಅಂತ ಹಾಗೇ ಓಡಿಸೋಕೆ ಬಿಟ್ಟೆ. ನಾಲ್ಕನೇ ಮಹಡೀಲಿ ಹೊಲಿಗೆ ಕಾರ್ಖಾನೆ, ಒಂದು ಗಂಟೆಗೆ ಊಟಕ್ಕೆ ಬಿಟ್ಟರೆ ಎಲ್ಲಾ ಒಟ್ಟಿಗೇ ಇಳೀತಾರೆ. ಅಷ್ಟರಲ್ಲಿ ಮುಗಿಸಿದ್ದಕ್ಕೆ ಬೈಗುಳ ತಪ್ಪಿತು. ಇನ್ನೊಂದು ಕಡೆ ಕೆಲಸ ಇದೆ, ಹೊರಟೆ."

ಬೆಣ್ಣೆ ಥರ. ಆ ಜಾತಿಯ ಲಿಫ್ಟನ್ನು ಮೇಸ್ತ್ರಿ ತಮ್ಮ ಕೈಯಾರೆ ಇಪ್ಪತ್ತೋ ಮೂವತ್ತೋ ಕಡೆ ರಿಪೇರಿ ಮಾಡಿದ್ದರು. ಅದು ಯಾವ ಕಾಲದಲ್ಲೂ ಬೆಣ್ಣೆ ಥರ ನಿಂತದ್ದಿಲ್ಲ. ಹಲ್ಲು ಅದುರುವ ಹಾಗೆ ಧಡ್ ಎಂದು ನಿಲ್ಲುವುದೇ ಅದರ ಗುಣ. ಅದು ಮೆತ್ತಗೆ ನಿಲ್ಲುತ್ತಿದೆ ಎಂದರೆ ಬ್ರೇಕು ಅರೆಮನಸ್ಸಿನಿಂದ ಹಿಡಿಯುತ್ತಿದೆ ಎಂದೇ ಅರ್ಥ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತಾಗಿತ್ತು.

ಲಿಫ್ಟು ಓಡಾಡುವ ಉದ್ದನೆಯ ಗೂಡನ್ನು ಈ ಕೆಲಸದವರು ಬಾವಿ ಎನ್ನುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟು ಮನೆಯಲ್ಲಿ ಕೂತಾಗ ಮೇಸ್ತ್ರಿ ಶುರುಮಾಡಿದ ತಾಣಕ್ಕೆ ಬಾವಿಕಟ್ಟೆ ಎಂದು ಹೆಸರು ಬಂದದ್ದು ಹಾಗೆ. ತಯಾರಿಸಿದ ಕಂಪನಿಗಳು ಎಂದೋ ಬಾಗಿಲು ಹಾಕಿದ್ದರೂ ಹಳೇ ಕಟ್ಟಡಗಳಲ್ಲಿ ಇನ್ನೂ ಏದುಸಿರು ಬಿಡುತ್ತ ಓಡುವ ಲಿಫ್ಟುಗಳಿಗೆ ಲೆಕ್ಕವಿಲ್ಲ. ಅವುಗಳ ಕೈಪಿಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯಾವುದಕ್ಕೆ ಎಷ್ಟು ದಪ್ಪದ ಹಗ್ಗ, ಯಾವುದರ ಬ್ರೇಕಿನ ಸ್ಪ್ರಿಂಗನ್ನು ಎಷ್ಟು ಉದ್ದಕ್ಕೆ ಬಿಗಿಯಬೇಕು ಎಂಬುದನ್ನೆಲ್ಲ ಆರುನೂರ ನಲವತ್ತು ಮೆಕ್ಯಾನಿಕ್ಕುಗಳು ತಮ್ಮ ಜೇಬಿನ ಚೀಟಿಗಳಿಂದ ತಂದು ಇಲ್ಲಿ ಸುರಿದಿದ್ದರು. ಮೇಸ್ತ್ರಿ ಒಂದೊಂದನ್ನೂ ನಾಲ್ಕು ಜನರನ್ನು ಕೇಳಿ, ತಾಳೆ ನೋಡಿ, ಆಮೇಲೆ ಪಟ್ಟಿಗೆ ಸೇರಿಸುತ್ತಿದ್ದರು. ಹಾಗಾಗಿ ಬಾವಿಕಟ್ಟೆಯಲ್ಲಿ ಮೇಸ್ತ್ರಿಯ ಅಂಕಿ ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಕಟ್ಟೆಗೆ ಒಂದೆರಡು ಕಟ್ಟುಪಾಡು ಇದ್ದವು. ನಿಜವಾದ ಹೆಸರು ಬರೆಯಬಾರದು, ಕಟ್ಟಡದ ಹೆಸರನ್ನೂ ಬರೆಯಬಾರದು. ಕಂಪನಿಯ ಗುಟ್ಟು ಬಿಟ್ಟುಕೊಟ್ಟರೆಂದು ಕೆಲಸ ಕಳೆದುಕೊಂಡವರು ಅವರ ನಡುವೆ ಇದ್ದರು. ಇನ್ನು, ಇಲ್ಲಿಂದ ಅಳತೆ ತೆಗೆದುಕೊಂಡವನು ಕೆಲಸವಾದ ಮೇಲೆ ಮರಳಿ ಬಂದು ಒಂದು ಮಾತು ಬರೆಯಲೇಬೇಕು. ಗ್ರೀಸ್ ಡಬ್ಬಿ ಬರೆದದ್ದು ಆ ಮರ್ಯಾದೆಗೆ.

ಎರಡು ತಿಂಗಳ ಹಿಂದೆ ಹಳೆಯ ತಾಣಕ್ಕೆ ಜಾಗ ಕೊಟ್ಟವರು ಅಂಗಡಿ ಮುಚ್ಚುತ್ತೇವೆಂದು ಪತ್ರ ಬರೆದಾಗ ಮೇಸ್ತ್ರಿ ತಲೆ ಮೇಲೆ ಕೈಹೊತ್ತು ಕೂತಿದ್ದರು. ಆಗ ಧೈರ್ಯ ಹೇಳಿದವಳು ಸೊಸೆ. ಅವಳು ಮಧ್ಯಾಹ್ನದ ಪಾಳಿಯ ಶಾಲೆಯಲ್ಲಿ ಟೀಚರು. "ಕಂಪ್ಯೂಟರ್ ಕೋಡು ಗೀಡು ಏನೂ ಬೇಡ ಮಾವ. ಒಂದು ಪೆಟ್ಟಿಗೆ ಎಳೆದು ಇನ್ನೊಂದರ ಪಕ್ಕ ಇಡೋದು, ಅಷ್ಟೇ. ನಮ್ಮ ಶಾಲೆ ಹಾಜರಿ ಪಟ್ಟೀನ ನಾನೇ ಹಾಗೆ ಮಾಡಿರೋದು" ಎಂದಿದ್ದಳು. ಅರವತ್ತಾರನೇ ವಯಸ್ಸಿನಲ್ಲಿ ಮೇಸ್ತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತರು. ಇಲ್ಲಿ ಹುಡುಕುವ ಪೆಟ್ಟಿಗೆ, ಇಲ್ಲಿ ಮಾತಾಡುವ ಪೆಟ್ಟಿಗೆ, ಹಿಂದುಗಡೆ ಎಲ್ಲಕ್ಕೂ ಆಧಾರವಾಗಿ ಒಂದು ಉದ್ದನೆಯ ಪಟ್ಟಿ. ಪಟ್ಟಿಯಲ್ಲಿ ಏನಿದೆಯೋ ಅದೇ ತಾಣದಲ್ಲಿ ಕಾಣುತ್ತಿತ್ತು. ಭಾನುವಾರ ಹೊಸ ಬಾವಿಕಟ್ಟೆ ತೆರೆದಾಗ, ಇಡೀ ಮನೆ ತಾವೇ ಕಟ್ಟಿದವರ ಹಾಗೆ ಮೇಸ್ತ್ರಿ ಎದೆಯುಬ್ಬಿಸಿ ಓಡಾಡಿದ್ದರು.

ಈಗ ಅವರು ಲೋಟ ಕೆಳಗಿಟ್ಟು ಆ ಪಟ್ಟಿಯನ್ನು ತೆರೆದರು. ನೂರಾ ಎಂಬತ್ತೇಳು. ಎಂಟು ಜನರ ಲಿಫ್ಟು, ಮಡಚುವ ಕಬ್ಬಿಣದ ಗೇಟು. ಸ್ಪ್ರಿಂಗ್ ಉದ್ದ ಎಪ್ಪತ್ತನಾಲ್ಕು ಮಿಲಿಮೀಟರ್.

ಅದು ಅರವತ್ತೆರಡು ಇರಬೇಕಿತ್ತು. ಎಪ್ಪತ್ತನಾಲ್ಕು ಹೇಗಾಯಿತು? ಮೇಲಿನ ಸಾಲು ನೋಡಿದರು. ಎಪ್ಪತ್ತನಾಲ್ಕು. ಅದರ ಮೇಲಿನದು ಎಪ್ಪತ್ತಮೂರು. ಕೆಳಗೆ ಎಪ್ಪತ್ತೈದು, ಎಪ್ಪತ್ತೈದು, ಎಪ್ಪತ್ತಾರು. ಅಂಕಿಗಳು ಶಾಲಾ ಮಕ್ಕಳು ಎತ್ತರಕ್ಕೆ ತಕ್ಕಂತೆ ಸಾಲು ನಿಂತ ಹಾಗೆ ನಿಂತಿದ್ದವು.

"ಅಮ್ಮಾ, ಸ್ವಲ್ಪ ಬಾ ಇಲ್ಲಿ" ಎಂದು ಕೂಗಿದರು. ದನಿ ಅವರಿಗೇ ಬೇರೆ ಯಾರದೋ ಎನ್ನಿಸಿತು.

ಸೊಸೆ ಶಾಲೆಗೆ ಹೊರಡಲು ತಲೆ ಬಾಚುತ್ತಿದ್ದವಳು ಬಾಚಣಿಗೆ ಸಮೇತ ಬಂದಳು. ಪರದೆಯನ್ನು ನೋಡಿದಳು, ಮೇಲೆ ಕೆಳಗೆ ಸರಿಸಿದಳು. "ಮಾವ, ಈ ಕಾಲಂ ಒಂದನ್ನೇ ಯಾರು ಜೋಡಿಸಿದ್ದು?"

ಮೇಸ್ತ್ರಿಗೆ ನೆನಪಾಯಿತು. ಶನಿವಾರ ಎಲ್ಲ ಮುಗಿಸಿದ ಮೇಲೆ ಅಂಕಿಗಳು ಅಡ್ಡಾದಿಡ್ಡಿ ಬಿದ್ದಿರುವುದನ್ನು ನೋಡಲಾಗಿರಲಿಲ್ಲ. ನಲವತ್ತು ವರ್ಷ ಅವರ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದಕ್ಕೆ ಗೋಡೆಯ ಮೇಲೆ ತೂಗಿದ್ದವು. ಒಂದು ಕಾಣೆಯಾದರೆ ಕತ್ತಲಲ್ಲೂ ಗೊತ್ತಾಗುತ್ತಿತ್ತು. ಅದೇ ಅಭ್ಯಾಸದಲ್ಲಿ ಬ್ರೇಕಿನ ಅಂಕಿಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದರು. ಪಕ್ಕದ ಕಾಲಂಗಳನ್ನೂ ಜೊತೆಗೆ ಸರಿಸಲೇ ಎಂದು ಯಂತ್ರ ಕೇಳಿತ್ತು. ಬೇರೆಯದನ್ನು ಮುಟ್ಟಿ ಎಲ್ಲಿ ಏನು ಕೆಡುವುದೋ ಎಂಬ ಹೆದರಿಕೆಯಿಂದ ಬೇಡ ಎಂದು ಒತ್ತಿದ್ದರು. ಅವರ ಎಚ್ಚರಿಕೆಯೇ ಅವರಿಗೆ ಮುಳುವಾಗಿತ್ತು. ನಾನೂರ ಹನ್ನೆರಡು ಲಿಫ್ಟುಗಳ ಹೆಸರು ಇದ್ದಲ್ಲೇ ಇತ್ತು, ಅಳತೆ ಮಾತ್ರ ಒಬ್ಬರದು ಇನ್ನೊಬ್ಬರ ಪಾಲಾಗಿತ್ತು.

"ನಾನೇ" ಎಂದರು.

ಸೊಸೆ ಜಡೆ ಅರ್ಧಕ್ಕೇ ಬಿಟ್ಟು ಕುರ್ಚಿ ಎಳೆದುಕೊಂಡಳು. ಅವಳ ಹತ್ತಿರ ಹಳೇ ತಾಣದ ಪಟ್ಟಿಯ ಮೂಲ ಪ್ರತಿ ಇತ್ತು. ಆ ಕಾಲಮ್ಮನ್ನು ತೆಗೆದು ಇಲ್ಲಿ ಕೂರಿಸಲು ಐದು ನಿಮಿಷವೂ ಹಿಡಿಯಲಿಲ್ಲ. ನೂರಾ ಎಂಬತ್ತೇಳರ ಮುಂದೆ ಅರವತ್ತೆರಡು ಬಂದು ಕೂತಿತು, ಏನೂ ಆಗೇ ಇಲ್ಲವೆಂಬ ಹಾಗೆ. ಮೇಸ್ತ್ರಿ ದೊಡ್ಡ ಉಸಿರು ಬಿಟ್ಟರು.

"ಸರಿಹೋಯ್ತಲ್ಲ?"

"ಇನ್ಮೇಲೆ ನೋಡೋರಿಗೆ ಸರಿಹೋಯ್ತು ಮಾವ. ಆಗಲೇ ನೋಡ್ಕೊಂಡು ಹೋದೋರಿಗೆ?" ಅವಳು ಇನ್ನೊಂದು ಪುಟ ತೆರೆದಳು. "ಭಾನುವಾರದಿಂದ ಈ ಬ್ರೇಕ್ ಪಟ್ಟೀನ ಮೂವತ್ತೊಂದು ಜನ ತೆರೆದು ನೋಡಿದಾರೆ. ಎಪ್ಪತ್ತನಾಲ್ಕಕ್ಕೆ ಬಿಗಿ ಮಾಡಿದ್ರೆ ಏನಾಗತ್ತೆ?"

"ಸ್ಪ್ರಿಂಗ್ ಉದ್ದ ಬಿಟ್ಟಷ್ಟೂ ಹಿಡಿತ ಸಡಿಲ. ಮೂರು ನಾಲ್ಕು ಜನಕ್ಕೆ ಏನೂ ಗೊತ್ತಾಗಲ್ಲ. ಸೊಗಸಾಗಿ ನಿಲ್ಲತ್ತೆ. ತುಂಬಿದಾಗ…" ತುಂಬಿದಾಗ ಜಾರುತ್ತದೆ. ನಿಂತಲ್ಲಿಂದಲೇ ಜಾರಬಹುದು. ಒಬ್ಬರು ಒಂದು ಕಾಲು ಹೊರಗಿಟ್ಟಿರುವಾಗ ಜಾರಬಹುದು. ಅಂಥದ್ದನ್ನು ಅವರು ಒಮ್ಮೆ ಕಣ್ಣಾರೆ ಕಂಡಿದ್ದರು. ಆಮೇಲೆ ಬಾವಿಯ ತಳ ತೊಳೆಯಲು ಇಳಿದವರಲ್ಲಿ ಅವರೂ ಒಬ್ಬರು.

ಗ್ರೀಸ್ ಡಬ್ಬಿಗೆ ಸಂದೇಶ ಕಳಿಸಿದರು. ನೋಡಿದ ಗುರುತು ಬೀಳಲಿಲ್ಲ. ಮತ್ತೆ ಕಳಿಸಿದರು. ಅವನ ಹೆಸರಿಲ್ಲ, ನಂಬರಿಲ್ಲ, ಊರಿಲ್ಲ. ಹೊಸ ತಾಣ ಮಾಡುವಾಗ ಹಳೆಯ ಫೋನ್ ನಂಬರುಗಳನ್ನೆಲ್ಲ ಹುಡುಗರ ಕ್ಷೇಮಕ್ಕೆಂದು ತಾವೇ ಅಳಿಸಿಹಾಕಿದ್ದರು. ಯಾರೂ ಯಾರನ್ನೂ ಹಿಡಿಯಲಾಗದ ಹಾಗೆ ಕಟ್ಟಿದ ಮನೆಯಲ್ಲಿ ಈಗ ಅವರಿಗೇ ಯಾರೂ ಸಿಗುತ್ತಿರಲಿಲ್ಲ.

"ಎಲ್ಲರಿಗೂ ಒಂದು ನೋಟೀಸು ಹಾಕಿ" ಎಂದಳು ಸೊಸೆ. "ಯಾರಿಗಾದ್ರೂ ಅವರ ಪರಿಚಯ ಇರತ್ತೆ. ತಾಣದ ನೆತ್ತಿ ಮೇಲೆ ಕೆಂಪು ಪೆಟ್ಟಿಗೆ ಇಡ್ತೀನಿ, ನಂಬರ್ ಇಲ್ದಿದ್ರೂ ತಾಣದಿಂದಲೇ ಎಲ್ಲರ ಫೋನಿಗೂ ಹೋಗೋ ಹಾಗೆ ಮಾಡ್ತೀನಿ. ನೀವು ಬರೀರಿ."

ಮೇಸ್ತ್ರಿ ಬರೆಯಲು ಕೂತರು. ಬರೆದರು, ಅಳಿಸಿದರು, ಮತ್ತೆ ಬರೆದರು. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಅಂಕಿ ತಪ್ಪಿದ್ದಿಲ್ಲ. ಬಾವಿಕಟ್ಟೆ ಯಾವಾಗ ಎಡವುತ್ತದೋ ಎಂದು ಕಾದು ಕೂತವರು ಕಂಪನಿಗಳಲ್ಲಿ ಇದ್ದರು. ಅವರ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ. ಇನ್ನು ಮುಖ ಎತ್ತಿ ಓಡಾಡುವುದು ಹೇಗೆ? ಹನ್ನೆರಡು ದಾಟಿ ಹದಿನೈದು ನಿಮಿಷವಾಗಿದ್ದಾಗ ಸೊಸೆ ಹಿಂದಿನಿಂದ ಬಗ್ಗಿ ಓದಿದಳು.

"'ತಾಂತ್ರಿಕ ಕಾರಣಗಳಿಂದ ಕೆಲವು ಅಂಕಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕಂಡುಬಂದಿದ್ದು, ಸದಸ್ಯರು ಗಮನಿಸಬೇಕಾಗಿ ವಿನಂತಿ.'" ಅವಳು ನಿಲ್ಲಿಸಿದಳು. "ಮಾವ, ನೀವು ಗ್ರೀಸ್ ಡಬ್ಬಿ ಆಗಿದ್ದು, ಇದನ್ನ ಓದಿದ್ರೆ ಏನು ಮಾಡ್ತಿದ್ರಿ?"

ಮದುವೆಯಾಗಿ ಬಂದ ಮೇಲೆ ಅವಳು ಮಾವನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅವಳ ದನಿಯಲ್ಲೂ ಅಳುಕಿತ್ತು.

"ಆಮೇಲೆ ನೋಡ್ಕೊಳ್ಳೋಣ ಅಂತ ಊಟಕ್ಕೆ ಹೋಗ್ತಿದ್ದೆ" ಎಂದರು ಮೇಸ್ತ್ರಿ.

ಎಲ್ಲವನ್ನೂ ಅಳಿಸಿ ಒಂದೇ ಉಸಿರಿಗೆ ಬರೆದರು. "ಭಾನುವಾರದಿಂದ ಈಚೆಗೆ ಇಲ್ಲಿ ನೋಡಿದ ಬ್ರೇಕ್ ಅಳತೆಗಳೆಲ್ಲ ತಪ್ಪು. ತಪ್ಪು ಮಾಡಿದವನು ನಾನು, ಬೇರೆ ಯಾರೂ ಅಲ್ಲ. ಆ ಅಳತೆಗೆ ಬಿಗಿ ಮಾಡಿದ ಲಿಫ್ಟನ್ನು ಈ ಕ್ಷಣ ನಿಲ್ಲಿಸಿ. ಜನ ಹತ್ತಬಾರದು. ಗ್ರೀಸ್ ಡಬ್ಬಿಯನ್ನು ಬಲ್ಲವರು ಯಾರೇ ಇರಲಿ, ಕೂಡಲೇ ಫೋನ್ ಮಾಡಿ." ಕೆಳಗೆ ತಮ್ಮ ನಿಜವಾದ ಹೆಸರು ಹಾಕಿದರು, ಫೋನ್ ನಂಬರು ಹಾಕಿದರು. ಕಳಿಸುವ ಗುಂಡಿಯ ಮೇಲೆ ಬೆರಳು ತಡೆಯಿತು. ಸೊಸೆ ಪಕ್ಕಕ್ಕೆ ತಿರುಗಿ ಗೋಡೆ ನೋಡತೊಡಗಿದಳು. ಮೇಸ್ತ್ರಿ ಒತ್ತಿದರು.

ಎರಡು ನಿಮಿಷದಲ್ಲಿ ಫೋನು ಹೊಡೆದುಕೊಂಡಿತು.

"ಮೇಸ್ತ್ರೀನಾ? ನಿಮ್ಮ ದನಿ ಇದೇ ಮೊದಲು ಕೇಳ್ತಿರೋದು. ನಿನ್ನೆ ನಾನೂ ಒಂದು ಬಿಗಿ ಮಾಡಿದ್ದೆ. ತೂಕ ಹೇರಿ ನೋಡಿದ್ರೆ ಜಾರ್ಕೊಂಡು ಹೋಯ್ತು. ನನ್ನದೇ ಏನೋ ಎಡವಟ್ಟು ಅಂದ್ಕೊಂಡು ರಾತ್ರಿಯೆಲ್ಲ ನಿದ್ದೆ ಇಲ್ಲ. ನಿಮ್ಮ ಅಂಕಿ ತಪ್ಪಿರಬಹುದು ಅಂತ ತಲೇಗೇ ಹೊಳೀಲಿಲ್ಲ ನೋಡಿ."

ಮೇಸ್ತ್ರಿಗೆ ಇದು ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಜಾರಿತು ಎಂಬ ಮಾತು ಕಿವಿಯಲ್ಲೇ ಉಳಿಯಿತು. ಇಷ್ಟು ಹೊತ್ತು ಅದು ಅವರ ಲೆಕ್ಕ ಮಾತ್ರವಾಗಿತ್ತು. ಮುಂದಿನವನು ಬೈದ, ಚೆನ್ನಾಗಿಯೇ ಬೈದ. ಅದರ ಮುಂದಿನವನಿಗೆ ಗ್ರೀಸ್ ಡಬ್ಬಿ ಗೊತ್ತಿರಲಿಲ್ಲ. ಹನ್ನೆರಡೂ ನಲವತ್ತಾಯಿತು. ಸೊಸೆ ಹೊರಡುವ ಹೊತ್ತು ಮೀರಿತ್ತು. ಅವಳು ಶಾಲೆಗೆ ಫೋನ್ ಮಾಡಿ "ಮನೇಲಿ ಸ್ವಲ್ಪ ತೊಂದರೆ" ಎಂದಷ್ಟೇ ಹೇಳಿ ಇಟ್ಟಳು.

ಹನ್ನೆರಡೂ ನಲವತ್ತೇಳಕ್ಕೆ ಬಂದ ಕರೆಯವನು ಪೀಠಿಕೆ ಹಾಕಲಿಲ್ಲ. "ಗ್ರೀಸ್ ಡಬ್ಬಿ ನನ್ನ ಭಾವಮೈದ. ಫೋನ್ ಎತ್ತುತಾ ಇಲ್ಲ. ಬಾವಿಗೆ ಇಳಿಯೋ ಮುಂಚೆ ಫೋನು ಚೀಲದಲ್ಲಿಟ್ಟು ಹೊರಗೇ ಬಿಡಬೇಕು ಅಂತ ನೀವೇ ಅಲ್ವಾ ಬರೆದಿರೋದು? ಅಕ್ಷರ ತಪ್ಪದ ಹಾಗೆ ಮಾಡ್ತಾನೆ."

"ಕಟ್ಟಡ ಯಾವುದು ಗೊತ್ತಾ?"

"ಗೊತ್ತು. ಹೋದ ತಿಂಗಳು ಅಲ್ಲಿಗೆ ಮೋಟರ್ ಸಾಗಿಸಿದೋನು ನಾನೇ. ನಾನಿರೋ ಕಡೆಯಿಂದ ಒಂದೂವರೆ ಗಂಟೆ ದಾರಿ. ವಾಚ್‌ಮನ್ ನಂಬರ್ ಇದೆ, ಬರ್ಕೊಳ್ಳಿ."

ಮೇಸ್ತ್ರಿ ಬರೆದುಕೊಂಡ ಅಂಕಿಗಳು ಓದಲಾಗದ ಹಾಗಿದ್ದವು. ಸೊಸೆ ಕೇಳಿಸಿಕೊಂಡು ನೆನಪಿಟ್ಟುಕೊಂಡಿದ್ದಳು. ಅವಳೇ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟಳು. ಐದು ಸಲ ಗಂಟೆ ಹೊಡೆಯಿತು.

"ಯಾರು ಮಾತಾಡೋದು?" ವಯಸ್ಸಾದ ದನಿ.

"ನಿಮ್ಮ ಲಿಫ್ಟು ನಿಲ್ಲಿಸಬೇಕು ಸ್ವಾಮಿ, ಈಗಲೇ. ಅದರ ಬ್ರೇಕು ಸರಿಯಿಲ್ಲ."

"ಬೆಳಗ್ಗೆ ತಾನೆ ರಿಪೇರಿ ಆಯ್ತಲ್ಲ. ಫಸ್ಟ್ ಕ್ಲಾಸ್ ಓಡ್ತಿದೆ. ನೀವ್ಯಾರು?"

"ರಿಪೇರಿ ಮಾಡಿದೋನಿಗೆ ಅಳತೆ ಹೇಳಿದೋನು. ತಪ್ಪು ಹೇಳ್ಬಿಟ್ಟಿದೀನಿ. ಲಿಫ್ಟು ಎಲ್ಲಿದೆ ಈಗ?"

"ಮೇಲಿಂದ ಬೆಲ್ ಆಯ್ತು, ಖಾಲಿ ಹೋಯ್ತು. ಊಟದ ಹೊತ್ತಲ್ವಾ, ಇವತ್ತು ಹತ್ತು ನಿಮಿಷ ಮುಂಚೇನೇ ಬಿಟ್ಟಿದಾರೆ."

"ಓಡಿ ಸ್ವಾಮಿ. ಮೇಲೆ ಓಡಿ. ಗೇಟು ಹಾಕಬೇಡಿ ಅನ್ನಿ. ಗೇಟು ಹಾಕದಿದ್ರೆ ಅದು ಹೊರಡಲ್ಲ."

"ಓಡೋದಾ? ನನ್ನ ವಯಸ್ಸೆಷ್ಟು ಗೊತ್ತಾ ನಿಮಗೆ? ಬರಲಿ ಬಿಡಿ, ಕೆಳಗೆ ಬಂದ ಮೇಲೆ…"

"ಕೆಳಗೆ ಬರಬಾರದು! ಅದರಲ್ಲಿ ತುಂಬಿದ್ರೆ ಜಾರತ್ತೆ. ಸಾಯ್ತಾರೆ." ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಆಗಲೇ. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿಮ್ಮ ಕಾಲಿಗೆ ಬೀಳ್ತೀನಿ. ಮೆಟ್ಟಿಲು ಲಿಫ್ಟಿನ ಸುತ್ತಾನೇ ಇರಬೇಕಲ್ಲ, ಹತ್ತುತಾ ಕೂಗಿ. ಫೋನ್ ಕೈಲೇ ಇರಲಿ."

ಫೋನಿನಲ್ಲಿ ಕೋಲಿನ ಸದ್ದು, ಚಪ್ಪಲಿ ಎಳೆಯುವ ಸದ್ದು, "ಗೇಟು ಹಾಕಬೇಡ್ರೀ" ಎಂಬ ಕೂಗು. ಕೂಗಿಗೆ ಉತ್ತರ ಬರಲಿಲ್ಲ; ಎಲ್ಲೋ ಮೇಲೆ ಹೊಲಿಗೆ ಯಂತ್ರಗಳು ಇನ್ನೂ ಕೆಲವು ಓಡುತ್ತಿದ್ದವು. ಮುದುಕ ಒಂದು ಮಹಡಿ ಹತ್ತಿ ನಿಂತು ಕೆಮ್ಮಿದ. ಮೇಸ್ತ್ರಿ ಮೈಯೆಲ್ಲ ಕಿವಿಯಾಗಿ ಕೂತಿದ್ದರು. ಲಿಫ್ಟು ಜಾರುವ ಸದ್ದು ಯಾವ ಗಳಿಗೆಯಲ್ಲಿ ಕೇಳಿಬಿಡುವುದೋ ಎಂದು ಕಾಯುತ್ತಿದ್ದರು. ಅದು ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಎರಡನೇ ಮಹಡಿ. ಮೂರನೇದು. ಮುದುಕನ ಉಸಿರು ಈಗ ಶಿಳ್ಳೆ ಹೊಡೆಯುತ್ತಿತ್ತು. ತಮ್ಮ ತಪ್ಪನ್ನು ಯಾರೋ ಮುದುಕ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೊರುತ್ತಿದ್ದಾನೆ. ತಾವು ಕುರ್ಚಿಯಲ್ಲಿ ಕೂತಿದ್ದಾರೆ.

"ಏನ್ ತಾತ, ಯಾಕೆ ಹೀಗೆ ಏದುಸಿರು?" ಒಂದು ಹೆಣ್ಣು ದನಿ, ಹಿಂದೆ ನಗು.

"ಗೇಟು… ಹಾಕಬೇಡಿ… ತೆಗೀರಿ." ಕಬ್ಬಿಣ ಕಿರುಗುಟ್ಟಿತು. "ಸಾರ್, ಜೊತೆಯೋರಿಗೆ ಕಾದು ಒಂಬತ್ತು ಜನ ಹತ್ತಿಬಿಟ್ಟಿದಾರೆ. ಗೇಟು ಅರ್ಧ ಎಳೆದಿದ್ರು, ನಾನು ಹಿಡ್ಕೊಂಡಿದೀನಿ."

"ಗಟ್ಟಿ ಹಿಡ್ಕೊಳ್ಳಿ. ಅವರಿಗೆ ಹೇಳಿ…"

"ಅಯ್ಯೋ ಅಮ್ಮಾ!" ಎಂದು ನಾಲ್ಕೈದು ದನಿ ಒಟ್ಟಿಗೇ ಚೀರಿದವು.

ಸೊಸೆ ಎದ್ದು ನಿಂತಳು. ಮೇಸ್ತ್ರಿ ಫೋನಿಗೆ ಬಾಯಿಟ್ಟು ಕೂಗಿದರು. "ಏನಾಯ್ತು? ಸ್ವಾಮಿ, ಏನಾಯ್ತು?"

"ಇಳೀತು ಸಾರ್. ಒಂದು ಗೇಣು ಕುಸೀತು. ನಿಂತಿದೆ. ಈಗ ನಿಂತಿದೆ."

"ಫೋನು ಅವರ ಕಡೆ ಹಿಡೀರಿ." ಮೇಸ್ತ್ರಿ ಎರಡೂ ಅಂಗೈಯನ್ನು ಮೇಜಿಗೆ ಒತ್ತಿಹಿಡಿದರು. ಬಾವಿಗಳ ಒಳಗೆ, ಹಗ್ಗಕ್ಕೆ ಜೋತುಕೊಂಡು ನಲವತ್ತು ವರ್ಷ ಮಾತಾಡಿದ ದನಿ ಎಲ್ಲಿಂದಲೋ ತಾನಾಗಿ ಬಂತು. "ನೋಡಿ ಅಮ್ಮಂದಿರಾ, ಯಾರೂ ಎಗರಬೇಡಿ, ನೂಕಬೇಡಿ. ಗೇಟಿನ ಹತ್ತಿರ ಇರೋರು ಮೊದಲು. ಒಬ್ಬೊಬ್ಬರೇ. ಮೆಟ್ಟಿಲು ಹತ್ತೋ ಹಾಗೆ ಕಾಲೆತ್ತಿ ಹೊರಗಿಡಿ, ಅರ್ಧದಲ್ಲಿ ನಿಲ್ಲಬೇಡಿ. ಹೊರಗೆ ಬಂದೋರು ಬಾಯಿಬಿಟ್ಟು ಎಣಿಸಿ, ನನಗೆ ಕೇಳಬೇಕು."

"ಒಂದು."

"ಎರಡು."

"ಮೂರು."

ನಾಲ್ಕು ಅಂದವಳು ಅಳುತ್ತಿದ್ದಳು. ಐದು ಬರಲಿಲ್ಲ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. "ಇವಳಿಗೆ ಕಾಲೇ ಬರ್ತಿಲ್ಲ" ಎಂದು ಯಾರೋ ಹೇಳಿದರು. "ಅವಳ ಕೈ ಹಿಡಿದು ಎಳೀಬೇಡಿ" ಎಂದರು ಮೇಸ್ತ್ರಿ. "ಹಿಂದಿನೋರು ಬೆನ್ನಿಗೆ ಕೈ ಕೊಡಿ. ಅಮ್ಮಾ, ಹೊರಗಡೆ ನೆಲ ನೋಡು, ಕೆಳಗೆ ನೋಡಬೇಡ. ಇಡು ಕಾಲು."

"ಐದು" ಎಂದಿತು ಒಂದು ಸಣ್ಣ ದನಿ.

ಆರು, ಏಳು, ಎಂಟು ಬೇಗ ಬಂದವು. ಒಂಬತ್ತು ಎಂದವಳ ದನಿ ಗಡಸಾಗಿತ್ತು. ಎಲ್ಲರಿಗಿಂತ ಹಿರಿಯಳಿರಬೇಕು, ಉಳಿದವರನ್ನು ಬಿಟ್ಟು ಕೊನೆಗೆ ಬಂದಿದ್ದಳು. ವಾಚ್‌ಮನ್ ಗೇಟಿಗೆ ತನ್ನ ಟವೆಲು ಕಟ್ಟಿ, ಯಾರೂ ಹತ್ತದ ಹಾಗೆ ಅಡ್ಡ ಕೂತಿದ್ದೇನೆಂದು ಹೇಳಿದ. ಆ ಹೆಂಗಸು ಫೋನು ತೆಗೆದುಕೊಂಡಳು.

"ನೀವು ಯಾರು?"

"ಲಿಫ್ಟು ಜಾರೋ ಹಾಗೆ ಮಾಡಿದೋನು ನಾನೇ ಅಮ್ಮಾ. ಅಂಕಿ ತಪ್ಪು ಕೊಟ್ಟೆ."

ಬೈಯಲಿ ಎಂದು ಮೇಸ್ತ್ರಿ ಕಾದರು. ಬೈದರೆ ಒಳ್ಳೆಯದಿತ್ತು.

"ಊಟದ ಬಿಡುವು ಇರೋದೇ ಅರ್ಧ ಗಂಟೆ" ಎಂದಳು ಆಮೇಲೆ. "ಮೆಟ್ಟಿಲಲ್ಲಿ ಇಳೀತೀವಿ. ನಡೀರೇ."

ಫೋನು ಮುದುಕನ ಕೈಗೆ ಹೋಯಿತು. ಅವನು ಅದನ್ನು ಆರಿಸುವುದನ್ನು ಮರೆತು ಪಕ್ಕದಲ್ಲಿಟ್ಟುಕೊಂಡನೆಂದು ತೋರಿತು. ಇತ್ತ ಮೇಸ್ತ್ರಿಯ ಫೋನಿನಲ್ಲಿ ಇನ್ನೊಂದು ಕರೆ ಕಾಯುತ್ತಿರುವ ಗುರುತು ಬಿದ್ದಿತು, ಅದರ ಹಿಂದೆ ಮತ್ತೊಂದು. "ಮಾವ, ಅಳತೆ ನೋಡಿದ ಉಳಿದೋರು ಫೋನ್ ಮಾಡ್ತಿದಾರೆ. ಎತ್ತಬೇಕು" ಎಂದಳು ಸೊಸೆ ಮೆತ್ತಗೆ.

ಮೇಸ್ತ್ರಿ ಒಂದು ಬೆರಳೆತ್ತಿ ತಾಳು ಎಂದರು. ಮೇಜಿಗೆ ಬಗ್ಗಿ, ಫೋನಿನ ಹತ್ತಿರಕ್ಕೆ ಕಿವಿ ತಂದರು. ಒಂಬತ್ತು ಜನರ ಚಪ್ಪಲಿ ಕಲ್ಲಿನ ಮೆಟ್ಟಿಲ ಮೇಲೆ ಇಳಿಯುತ್ತಿತ್ತು. ಯಾರೋ ಡಬ್ಬಿ ತಣ್ಣಗಾಯಿತೆಂದು ಗೊಣಗಿದರು, ಯಾರೋ ಇನ್ನೊಬ್ಬಳ ಅಳು ನೋಡಿ ನಕ್ಕರು. ಮೂರನೇ ಮಹಡಿ, ಎರಡನೇ ಮಹಡಿ. ಸದ್ದು ಸಣ್ಣದಾಗುತ್ತ ಹೋಯಿತು. ಒಂದು ಜೊತೆ ಕಾಲು ಮಾತ್ರ, ಐದು ಎಂದವಳದಿರಬೇಕು, ಎಲ್ಲರಿಗಿಂತ ಹಿಂದೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿಯುತ್ತಿತ್ತು.